ಎಣ್ಣೆಯೂ ವಿಧೇಯತ್ವವೂ

ಧ್ಯಾನಕ್ಕಾಗಿ ಓದತಕ್ಕ ವೇದಭಾಗಗಳು: 1 ಸಮುವೇಲ 15 ಮತ್ತು 16ನೆಯ ಅಧ್ಯಾಯಗಳು, ಯಾಕೋಬ 5:13–16.



ನಮ್ಮ ಸೀಮೆಯವರಿಗೆ ಎಣ್ಣೆಯ ವಿಷಯವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ತುಮಕೂರಿನಿಂದ ಗುಬ್ಬಿಯ ಮೇಲೆ ತಿಪಟೂರಿನ ಕಡೆಗೆ ಹೋಗುವವನು ದಾರಿಯುದ್ದಕ್ಕೂ ತೆಂಗಿನ ತೋಟಗಳನ್ನು ಕಾಣುತ್ತಾನೆ. ಹುಟ್ಟಿದ ಕೂಸಿನ ನೆತ್ತಿಗೆ ಎಣ್ಣೆ, ಬಾಣಂತಿಯ ಮೈಗೆ ಎಣ್ಣೆ, ದಿನವೆಲ್ಲಾ ಕೆಸರಿನಲ್ಲಿ ನಿಂತು ಬಂದವನ ಒಡೆದ ಕಾಲಿಗೆ ಎಣ್ಣೆ. ನಮ್ಮ ಅಜ್ಜಂದಿರ ಕಾಲದಲ್ಲಿ ದೀಪಕ್ಕೆ ಹೊಂಗೆಯೆಣ್ಣೆ, ಗಾಡಿಯ ಅಚ್ಚಿಗೆ ಹರಳೆಣ್ಣೆ. ಆದದರಿಂದ ಸತ್ಯವೇದದಲ್ಲಿ ಅಭಿಷೇಕವೆಂಬ ಮಾತನ್ನು ಕೇಳಿದ ಕೂಡಲೇ, ಇದು ನಮಗೆ ತಿಳಿದ ವಿಷಯವೇ ಎಂದು ನಾವು ನೆನಸುತ್ತೇವೆ.

ಆದರೆ ತಿಳಿದದ್ದೆಂದು ನೆನಸುವದರಲ್ಲಿಯೇ ಒಂದು ಅಪಾಯವುಂಟು. ಈಗಿನ ದಿವಸಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಚಿಕ್ಕ ಚಿಕ್ಕ ಸೀಸೆಗಳಲ್ಲಿ ಎಣ್ಣೆಯು ಮನೆಯಿಂದ ಮನೆಗೆ ಹೋಗುತ್ತಾ ಇರುವದು. ಕೆಲವರು ಅದನ್ನು ಗೋಡೆಯ ಗೂಡಿನಲ್ಲಿ ಇಟ್ಟುಕೊಂಡಿರುತ್ತಾರೆ. ಕೆಲವರು ಬಾಗಲಿನ ಚೌಕಟ್ಟಿಗೆ ಹಚ್ಚುತ್ತಾರೆ. ಕೆಲವರು ಕೂಲಿಯ ಹಣವನ್ನು ಕೊಟ್ಟು ಕೊಂಡುಕೊಳ್ಳುತ್ತಾರೆ. ಸಂಕಟದಲ್ಲಿ ದೇವರನ್ನು ಹುಡುಕುವ ಯಾರನ್ನೂ ನಾವು ಹಾಸ್ಯ ಮಾಡುವದಿಲ್ಲ. ಆದರೂ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಗಾಣದಿಂದ ಬಂದ ಎಣ್ಣೆಯು ಎಲ್ಲಾ ಮನೆಗಳಲ್ಲಿಯೂ ಇರುವದು. ಅದು ಅಭಿಷೇಕವಾಗುವದು ಯಾವದರಿಂದ?

ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ದೇವರು ಮೋಶೆಗೆ ಅಭಿಷೇಕತೈಲವನ್ನು ಮಾಡುವ ಕ್ರಮವನ್ನು ತೋರಿಸಿದನು. ಅಚ್ಚ ರಕ್ತಬೋಳ 500 ಶೆಕೆಲ್ ತೂಕ, ದಾಲ್ಚಿನ್ನಿ 250, ಪರಿಮಳದ ಬಜೆ 250, ಲವಂಗಚಕ್ಕೆ 500, ಇವುಗಳೊಂದಿಗೆ ಒಂದು ಹಿನ್ ಅಳತೆಯ ಎಣ್ಣೇಮರದ ಎಣ್ಣೆ. ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೆ ಯಾರಾದರೂ ಮನೆಯಲ್ಲಿ ಅದನ್ನು ಕಲಸಿಕೊಳ್ಳಬಹುದಾಗಿತ್ತು. ಆದದರಿಂದಲೇ ಹಾಗೆ ಮಾಡಬಾರದೆಂದೂ ಅದನ್ನು ಸಾಧಾರಣವಾಗಿ ಮನುಷ್ಯರ ಮೈಮೇಲೆ ಹೊಯ್ಯಬಾರದೆಂದೂ ದೇವರು ಖಂಡಿತವಾಗಿ ಅಪ್ಪಣೆಮಾಡಿದನು. ಸಾಮಾನುಗಳು ಸರಿಯಾಗಿದ್ದ ಮಾತ್ರಕ್ಕೆ ಅಭಿಷೇಕವಾಗುವದಿಲ್ಲವೆಂದು ಇದರಿಂದ ತಿಳಿದುಕೊಳ್ಳುತ್ತೇವೆ. ಸಮಾರ್ಯದ ಸೀಮೋನನು ಪವಿತ್ರಾತ್ಮನ ವರವನ್ನು ಹಣಕ್ಕೆ ಕೇಳಿದಾಗ ಪೇತ್ರನು ಅವನನ್ನು ಎಷ್ಟು ಕಠಿಣವಾಗಿ ಗದರಿಸಿದನೆಂಬದನ್ನು ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಓದಿಕೊಳ್ಳಿರಿ. ಕರೆಯುವವನು ದೇವರು, ಕರೆಗೆ ಕಿವಿಗೊಡಬೇಕಾದವನು ಮನುಷ್ಯನು. ಈ ಎರಡರ ನಡುವೆ ಗುರುತಾಗಿ ನಿಂತಿರುವದೇ ಎಣ್ಣೆ.

ಮೊದಲನೆಯದಾಗಿ, ಸೌಲನನ್ನು ನೋಡೋಣ. ಅವನು ಕೀಷನ ಮಗನು. ಕಳೆದುಹೋದ ಕತ್ತೆಗಳನ್ನು ಹುಡುಕಲು ಹೊರಟವನು ಅರಸುತನವನ್ನು ಕಂಡನು. ಸಮುವೇಲನು ಅವನ ತಲೆಯ ಮೇಲೆ ಎಣ್ಣೆ ಹೊಯ್ದು ಮುದ್ದಿಟ್ಟನು. ಆ ಎಣ್ಣೆಯಲ್ಲಿ ದೋಷವೇನೂ ಇರಲಿಲ್ಲ. ಹೊಯ್ದ ಕೈಯಲ್ಲಿಯೂ ದೋಷವಿರಲಿಲ್ಲ. ತರುವಾಯ ಅಮಾಲೇಕ್ಯರ ವಿಷಯದಲ್ಲಿ ದೇವರ ಮಾತು ಬಂದಾಗ ಅವನು ಹೆಚ್ಚು ಪಾಲನ್ನು ಮಾಡಿ ಸ್ವಲ್ಪ ಪಾಲನ್ನು ಉಳಿಸಿಕೊಂಡನು. ಅರಸನಾದ ಅಗಾಗನನ್ನೂ ಕೊಬ್ಬಿದ ಕುರಿದನಗಳನ್ನೂ ಬಿಟ್ಟನು. ಮೊದಲು ಕರ್ಮೆಲಿನಲ್ಲಿ ತನಗೋಸ್ಕರ ಒಂದು ಜ್ಞಾಪಕಸ್ತಂಭವನ್ನು ನಿಲ್ಲಿಸಿಕೊಂಡು, ಆಮೇಲೆ ಸಮುವೇಲನ ಎದುರಿಗೆ ಬಂದು, ದೇವರ ಅಪ್ಪಣೆಯನ್ನು ನೆರವೇರಿಸಿದ್ದೇನೆ ಎಂದು ಹೇಳಿದನು. ಆಗ ಸಮುವೇಲನು ಕೇಳಿದ ಪ್ರಶ್ನೆಯು ಬಹಳ ಸರಳವಾದದ್ದು: ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು? ಅವೆಲ್ಲಾ ಯಜ್ಞಕ್ಕಾಗಿ ಇಟ್ಟದ್ದು ಎಂದನು ಸೌಲನು. ಯಜ್ಞಕ್ಕಿಂತಲೂ ಕಿವಿಗೊಡುವದು ದೇವರಿಗೆ ಮೆಚ್ಚಿಕೆಯಾದದ್ದೆಂದು ಸಮುವೇಲನು ಅವನಿಗೆ ತಿಳಿಸಿದನು. ಸೌಲನು ತಪ್ಪನ್ನು ಒಪ್ಪಿಕೊಂಡಾಗಲೂ, ಹಿರಿಯರ ಮುಂದೆ ನನ್ನ ಮಾನವನ್ನು ಉಳಿಸು ಎಂಬದೇ ಅವನ ಬಿನ್ನಹವಾಗಿತ್ತು.

ಸೌಲನನ್ನು ತೀರ್ಪುಮಾಡುವದು ಸುಲಭ. ಆದರೆ ನಾವೇ ಆ ಕುರಿಗಳ ಕೂಗನ್ನು ಕೇಳಿಯೂ ಕೇಳದವರಂತೆ ಇದ್ದದ್ದುಂಟು. ಇದನ್ನು ಬರೆಯಲು ನಾಚಿಕೆಯಾದರೂ ನಿಮ್ಮ ಪ್ರಯೋಜನಕ್ಕಾಗಿ ಬರೆಯುತ್ತೇವೆ.

ಗುಬ್ಬಿಯ ಸೀಮೆಯ ಒಂದು ಹಳ್ಳಿಯಲ್ಲಿ ನಮ್ಮ ಸಭೆಯ ಹಿರಿಯನೊಬ್ಬನು ತಿಂಗಳುಗಟ್ಟಲೆ ರೋಗದಲ್ಲಿದ್ದನು. ಯಾಕೋಬನ ಪತ್ರಿಕೆಯ ಮಾತಿನಂತೆ ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದು ನಮಗೆ ಹೇಳಿಕಳುಹಿಸಿದನು. ಆತನ ಒಡಹುಟ್ಟಿದ ತಮ್ಮನ ಮನೆಯು ಅದೇ ಗೋಡೆಯ ಆಚೆಯ ಕಡೆಗೆ ಇರುವದು. ಗಡಿಯ ಮೇಲಿರುವ ಮೂರು ತೆಂಗಿನ ಮರಗಳ ವಿಷಯದಲ್ಲಿ ಜಗಳವಾಗಿ, ಅಣ್ಣತಮ್ಮಂದಿರು ನಾಲ್ಕು ವರುಷಗಳಿಂದ ಮಾತಾಡಿರಲಿಲ್ಲ. ಅಣ್ಣನು ಗುಡಿಯಲ್ಲಿ ಮುಂದಿನ ಸಾಲಿನಲ್ಲಿಯೂ ತಮ್ಮನು ಬಾಗಲಿನ ಬಳಿಯಲ್ಲಿಯೂ ಕೂತು ಒಂದೇ ರೊಟ್ಟಿಯಲ್ಲಿ ಪಾಲು ತಕ್ಕೊಳ್ಳುತ್ತಿದ್ದರು. ಇದು ನಮಗೆ ಗೊತ್ತಿತ್ತು, ಸಭೆಗೆಲ್ಲಾ ಗೊತ್ತಿತ್ತು. ಆದರೆ ಗುಡಿಯ ಮಾಡು ಸೋರಿದಾಗ ಹಂಚಿಗೆ ಹೆಚ್ಚು ಹಣ ಕೊಟ್ಟವನು ಆ ಹಿರಿಯನೇ. ಮೊದಲು ಆತನು ಗುಣವಾಗಲಿ, ಆಮೇಲೆ ಆ ಮಾತನ್ನು ಎತ್ತೋಣ ಎಂದು ನಾವು ಮನಸ್ಸಿನಲ್ಲಿ ಅಂದುಕೊಂಡೆವು. ಎಣ್ಣೆಯನ್ನು ಹಚ್ಚಿ ಉದ್ದವಾದ ಪ್ರಾರ್ಥನೆಯನ್ನೂ ಮಾಡಿದೆವು. ನಾವು ಕಣ್ಣು ಮುಚ್ಚಿಕೊಂಡಿರುವಾಗಲೇ, ತಮ್ಮನು ಗೋಡೆಯ ಆಚೆ ದನಗಳಿಗೆ ಹುಲ್ಲು ಹಾಕುತ್ತಾ ಕರುವನ್ನು ಗದರಿಸುವ ಶಬ್ದವು ಚೆನ್ನಾಗಿ ಕೇಳಿಸಿತು.

ಹೊರಗೆ ಬಂದಾಗ ಸಭೆಯ ಒಬ್ಬ ಮುದುಕಿಯು ಜಗಲಿಯ ಮೇಲೆ ಕೂತಿದ್ದಳು. ಅಕ್ಷರ ಬಾರದವಳು. ಆಕೆಯು ನಮ್ಮ ಕೈಯಲ್ಲಿದ್ದ ಸೀಸೆಯನ್ನು ನೋಡಿ, “ಅಯ್ಯನವರೇ, ಎಣ್ಣೆ ತಂದಿರಿ, ಅವನ ತಮ್ಮನನ್ನು ಯಾಕೆ ಕರೆತರಲಿಲ್ಲ?” ಎಂದು ಕೇಳಿದಳು.

ನಮಗೆ ಉತ್ತರ ಬಾರದೆ ಹೋಯಿತು. ಮನೆಗೆ ಬಂದು ಯಾಕೋಬನ ಪತ್ರಿಕೆಯನ್ನು ತಿರುಗಿ ತೆರೆದೆವು. ಎಣ್ಣೆಯ ಮಾತು 5ನೆಯ ಅಧ್ಯಾಯದ 14ನೆಯ ವಚನದಲ್ಲಿರುವದು. ಅಲ್ಲಿಂದ ಎರಡೇ ವಚನಗಳ ಕೆಳಗೆ, ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಬೇಕೆಂಬ ಅಪ್ಪಣೆ ಇರುವದು. ಅಪೊಸ್ತಲನು ಕೂಡಿಸಿ ಕೊಟ್ಟದ್ದನ್ನು ನಾವು ಬಿಡಿಸಿ, ಹಗುರವಾದದ್ದನ್ನು ಮಾತ್ರ ಹೊತ್ತುಕೊಂಡು ಹೋಗಿದ್ದೆವು. ಮೂರನೆಯ ದಿವಸ ಸೀಸೆಯಿಲ್ಲದೆ ಆ ಮನೆಗೆ ಹೋಗಿ, ಆಡಬೇಕಾದ ಮಾತನ್ನು ಆಡಿದೆವು. ಹಿರಿಯನಿಗೆ ಬಹಳ ಕೋಪವುಂಟಾಯಿತು. ರೋಗಿಯನ್ನು ನೋಡಲು ಬಂದವರು ಮರದ ಪಂಚಾಯಿತಿಗೆ ಬಂದಿರೋ ಎಂದನು. ಆ ಮೇಲೆ ಎರಡು ತಿಂಗಳು ನಮ್ಮನ್ನು ಕರೆಯಲಿಲ್ಲ. ಆತನ ಮನೆಯವರು ಆರಾಧನೆಗೆ ಬರುವದನ್ನೂ ಬಿಟ್ಟರು.

ಪ್ರಿಯರೇ, ಇಲ್ಲಿಯೇ ನಂಬಿಕೆಯ ಪರೀಕ್ಷೆಯಿರುವದು. ವಿಧೇಯರಾದ ಕೂಡಲೇ ಎಲ್ಲವೂ ಸರಿಹೋದರೆ ವಿಧೇಯತ್ವಕ್ಕೆ ನಂಬಿಕೆಯೇ ಬೇಕಾಗುವದಿಲ್ಲ. ಮಾತನ್ನು ಕೇಳಿದ ಮೇಲೆ ಹೊಲ ಒಣಗಿದಂತೆ ಕಾಣುವಾಗಲೂ ಕೇಳಿದ್ದು ಸರಿಯೆಂದು ನಿಲ್ಲುವದೇ ನಂಬಿಕೆ.

ಎರಡನೆಯದಾಗಿ, ಅದಕ್ಕಾಗಿಯೇ ದಾವೀದನನ್ನು ನೋಡೋಣ. ಸಮುವೇಲನು ಬೇತ್ಲೆಹೇಮಿಗೆ ಎಣ್ಣೆಯ ಕೊಂಬನ್ನು ತೆಗೆದುಕೊಂಡು ಬಂದಾಗ ಇಷಯನ ಏಳು ಮಂದಿ ಮಕ್ಕಳು ಎದುರಿಗೆ ಹಾದುಹೋದರು. ಎಂಟನೆಯವನು ಕುರಿಗಳ ಹಿಂದೆ ಇದ್ದನು; ಯಾರೂ ಅವನನ್ನು ನೆನಸಿರಲಿಲ್ಲ. ಅವನನ್ನು ಕರತಂದು ಅಣ್ಣಂದಿರ ನಡುವೆ ಅಭಿಷೇಕಿಸಿದರು. ಮಾರನೆಯ ದಿವಸ ಅವನು ಎಲ್ಲಿ ಹೋದನು? ಸಿಂಹಾಸನಕ್ಕೆ ಹೋಗಲಿಲ್ಲ, ತಿರುಗಿ ಕುರಿಗಳ ಬಳಿಗೆ ಹೋದನು. 16ನೆಯ ಅಧ್ಯಾಯದಲ್ಲಿಯೇ ಸೌಲನು ಇಷಯನಿಗೆ ಆಳುಗಳನ್ನು ಕಳುಹಿಸಿ, ಕುರಿಗಳ ಬಳಿಯಲ್ಲಿರುವ ನಿನ್ನ ಮಗನನ್ನು ಕಳುಹಿಸು ಎಂದು ಕೇಳುತ್ತಾನೆ. ಮುಂದಿನ ಅಧ್ಯಾಯದಲ್ಲಿ ಅಭಿಷಿಕ್ತನಾದ ಅವನೇ ತಂದೆಯ ಮಾತಿನಂತೆ ಹುರಿಗಾಳನ್ನೂ ಹತ್ತು ರೊಟ್ಟಿಗಳನ್ನೂ ಹೊತ್ತುಕೊಂಡು ಅಣ್ಣಂದಿರ ಬಳಿಗೆ ಹೋಗುತ್ತಾನೆ. ತರುವಾಯ ಗುಹೆಗಳಲ್ಲಿ ಅಡಗಿಕೊಂಡಿರುವಾಗ ಎರಡು ಸಾರಿ ಸೌಲನು ಅವನ ಕೈಗೆ ಸಿಕ್ಕಿದರೂ ಅವನು ಕೈಯೆತ್ತಲಿಲ್ಲ. ಹೆಬ್ರೋನಿನಲ್ಲಿ ಯೆಹೂದದವರು ಅವನನ್ನು ಎರಡನೆಯ ಸಾರಿ ಅಭಿಷೇಕಿಸಿದರು. ಇಸ್ರಾಯೇಲ್ಯರೆಲ್ಲರೂ ಮೂರನೆಯ ಸಾರಿ ಅಭಿಷೇಕಿಸಿದರು. ಅರಸನಾದಾಗ ಅವನಿಗೆ 30 ವರುಷ.

ನಮ್ಮ ಸೀಮೆಯ ಉಂಡೆ ಕೊಬ್ಬರಿ ಹೇಗಾಗುವದೆಂಬದು ನಿಮಗೆ ಗೊತ್ತಿದೆ. ಬಲಿತ ಕಾಯನ್ನು ಕಿತ್ತ ದಿವಸವೇ ಒಡೆಯುವದಿಲ್ಲ. ಅದನ್ನು ಅಟ್ಟದ ಮೇಲೆ ಹಾಕಿ ಎಷ್ಟೋ ತಿಂಗಳು ಬಿಡುತ್ತಾರೆ. ಹೊರಗಿನಿಂದ ನೋಡುವವನಿಗೆ ಅಲ್ಲಿ ಯಾವ ಕೆಲಸವೂ ನಡೆಯುತ್ತಿಲ್ಲ. ಒಳಗೆ ನೀರು ಮೆಲ್ಲಮೆಲ್ಲನೆ ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಟ್ಟಿಯಾಗುವದು. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಗಡಗಡ ಎಂದರೆ ಕಾಲ ಬಂತೆಂದು ತಿಳಿಯುತ್ತಾರೆ. ಅವಸರಪಟ್ಟು ಮೊದಲೇ ಒಡೆದವನಿಗೆ ಉಂಡೆ ಕೊಬ್ಬರಿ ಸಿಕ್ಕುವದಿಲ್ಲ. ದಾವೀದನ ಕುರಿಹಿಂಡೂ ಗುಹೆಯೂ ದೇವರ ಅಟ್ಟಗಳಾಗಿದ್ದವು. ಅಭಿಷೇಕವನ್ನು ಹೊಂದಿದ ಮೇಲೆ ನಮ್ಮನ್ನು ತಿರುಗಿ ಹಳೆಯ ಕೆಲಸಕ್ಕೆ ಕಳುಹಿಸಿದರೆ, ದೇವರು ನಮ್ಮನ್ನು ಮರೆತನೆಂದು ನೆನಸಬಾರದು.

ಮೂರನೆಯದಾಗಿ, ಇಂಥದೇ ಒಂದು ಸಂಗತಿಯು ನಮ್ಮ ಗುಬ್ಬಿಯಲ್ಲಿಯೇ ನಡೆದದ್ದುಂಟು. 1837ರಲ್ಲಿ ವೆಸ್ಲಿಯನ್ ಮಿಶನಿನ ತಾಮಸ್ ಹಾಡ್ಸನ್ ದೊರೆಗಳು ಗುಬ್ಬಿಯಲ್ಲಿ ಕೆಲಸವನ್ನು ಪ್ರಾರಂಭಿಸಿದರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಐರ್ಲೆಂಡ್ ದೇಶದ ಯೌವನಸ್ಥನು ಅಲ್ಲಿಗೆ ಬಂದನು. ಅವನು 1819ರಲ್ಲಿ ಹುಟ್ಟಿದವನು. ಅಂದರೆ 20 ವರುಷ ಪ್ರಾಯದವನು. ಕನ್ನಡವನ್ನು ಕಲಿತು, ಸಂತೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಸುವಾರ್ತೆಯನ್ನು ಸಾರಿದನು. ಜೀವಮಾನವೆಲ್ಲಾ ಇಲ್ಲಿಯೇ ಇರಬೇಕೆಂದು ಬಂದವನಿಗೆ ಕಣ್ಣಿನ ರೋಗ ಹತ್ತಿ, 1841ರಲ್ಲಿ ಸ್ವದೇಶಕ್ಕೆ ತಿರುಗಿ ಹೋಗಬೇಕಾಯಿತು. ಎರಡು ವರುಷಗಳೊಳಗೆ ಏನು ಬೆಳೆಯನ್ನು ಕಾಣುವದು? ಕಲ್ಲು ಆರಿಸಿ ಉಳುವದಕ್ಕೇ ಆ ಕಾಲವು ಸಾಲದು. ಹಡಗನ್ನು ಹತ್ತುವಾಗ ಅವನು ತನ್ನ ಕರೆಯು ವ್ಯರ್ಥವಾಯಿತೆಂದು ಹೇಳಿಕೊಂಡಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ.

ಆದರೆ ದೇವರು ಅವನನ್ನು ಅಟ್ಟದ ಮೇಲೆ ಇಟ್ಟಿದ್ದನು. 1847ರಲ್ಲಿ ಅವನು ಮೈಸೂರು ಸೀಮೆಯ ಮಿಶನ್ ಕೆಲಸದ ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. 1856ರಲ್ಲಿ ಪವಿತ್ರಾತ್ಮನ ಬಲದ ಕುರಿತು ಬರೆದ ಅವನ ಮತ್ತೊಂದು ಪುಸ್ತಕವು ಹೊರಬಂತು. ಅದರ ಹೆಸರನ್ನು ಕನ್ನಡದಲ್ಲಿ ‘ಅಗ್ನಿಯ ನಾಲಗೆ’ ಎಂದು ಹೇಳಬಹುದು. ಪಂಚಾಶತ್ತಮ ದಿನದಲ್ಲಿ ಶಿಷ್ಯರ ಮೇಲೆ ಇಳಿದ ಅಭಿಷೇಕವು ಸಭೆಗೆ ಎಂದಿಗೂ ಬೇಕಾದದ್ದೆಂದು ಅದು ಬೋಧಿಸುತ್ತದೆ. ಇಂಗ್ಲಿಷ್ ಭಾಷೆಯ ಸಭೆಗಳಲ್ಲಿ ಆ ಪುಸ್ತಕವು ಬಹು ಜನರನ್ನು ಪ್ರಾರ್ಥನೆಗೆ ಎಬ್ಬಿಸಿತು. 1866ರಲ್ಲಿ ಅವನ ಸಭೆಯವರು ಅವನನ್ನು ತಮ್ಮ ಮಹಾಸಭೆಯ ಅಧ್ಯಕ್ಷನನ್ನಾಗಿ ಆರಿಸಿಕೊಂಡರು. 1901ರಲ್ಲಿ ಅವನು ಕರ್ತನಲ್ಲಿ ನಿದ್ರೆಹೋದನು. ಅಗ್ನಿಯ ನಾಲಗೆಯ ಕುರಿತು ಬರೆದ ಆ ಕೈಯವನ ನಾಲಗೆಯು ಮೊದಲು ಗುಬ್ಬಿಯ ಸಂತೆಯಲ್ಲಿ ತೊದಲುತ್ತಾ ಕನ್ನಡವನ್ನು ಆಡಿತ್ತೆಂಬದನ್ನು ನೆನಸಿಕೊಂಡರೆ ನಮಗೆ ಎಷ್ಟು ಧೈರ್ಯವಾಗುವದು! ಹೋಗು ಎಂದಾಗ ಬಂದನು. ಹಿಂದಿರುಗು ಎಂದಾಗ ಹೋದನು. ಎರಡೂ ವಿಧೇಯತ್ವವೇ.

ನಾಲ್ಕನೆಯದಾಗಿ, ಎಲ್ಲಾ ಅಭಿಷಿಕ್ತರಿಗೂ ಮೇಲಾದಾತನನ್ನು ನೋಡೋಣ. ಕ್ರಿಸ್ತನೆಂಬ ಗ್ರೀಕ್ ಮಾತಿಗೂ ಮೆಸ್ಸೀಯನೆಂಬ ಇಬ್ರಿಯ ಮಾತಿಗೂ ಅಭಿಷಿಕ್ತನೆಂಬದೇ ಅರ್ಥ. ಶಿಷ್ಯರಿಗೆ ಅಂತಿಯೋಕ್ಯದಲ್ಲಿ ಮೊದಲು ಬಂದ ಕ್ರೈಸ್ತರೆಂಬ ಹೆಸರು ಆ ಮಾತಿನಿಂದಲೇ ಹುಟ್ಟಿತು. ಹೀಗಿರಲಾಗಿ ದೀಕ್ಷಾಸ್ನಾನ ಹೊಂದಿದ ಕೂಲಿಯವನೂ ವಿಧವೆಯೂ ಅಭಿಷಿಕ್ತನ ಹೆಸರನ್ನು ಹೊತ್ತವರೇ. ಆದರೆ ಆತನ ಅಭಿಷೇಕವು ಆತನನ್ನು ಎಲ್ಲಿಗೆ ನಡಿಸಿತು? ಬಂಧನದ ರಾತ್ರಿಯಲ್ಲಿ ಆತನು ಹೋದ ತೋಟದ ಹೆಸರು ಗೆತ್ಸೇಮನೆ. ಆ ಮಾತಿಗೆ ಎಣ್ಣೆಯ ಗಾಣವೆಂದು ಅರ್ಥ. ಎಣ್ಣೇಮರಗಳ ಗುಡ್ಡದಲ್ಲಿ ಕಾಯಿಗಳನ್ನು ಹಿಂಡುವ ಸ್ಥಳ. ಗಾಣವನ್ನು ಕಂಡವರಿಗೆ ಇದನ್ನು ವಿವರಿಸಬೇಕೋ? ಎತ್ತು ಸುತ್ತಿ ಸುತ್ತಿ, ಒರಳಿನಲ್ಲಿ ಹಾಕಿದ್ದು ನುಗ್ಗಿ ನುರಿದ ಮೇಲೆಯೇ ಎಣ್ಣೆಯು ಇಳಿಯುವದು. ಅಲ್ಲಿ ನಮ್ಮ ಕರ್ತನು ನೆಲಕ್ಕೆ ಬಿದ್ದು, ತನ್ನ ಚಿತ್ತವಲ್ಲ, ತಂದೆಯ ಚಿತ್ತವೇ ಆಗಲೆಂದು ಒಪ್ಪಿಸಿಕೊಟ್ಟನು. ಸೌಲನು ಎಣ್ಣೆಯನ್ನು ಪಡೆದು ಮಾತನ್ನು ಬಿಟ್ಟನು. ನಮ್ಮ ಕರ್ತನು ಮರಣದ ಮಟ್ಟಿಗೂ ಮಾತನ್ನು ಹಿಡಿದನು. ಆದದರಿಂದಲೇ ಆತನ ಆತ್ಮನ ಅಭಿಷೇಕವು ಪಂಚಾಶತ್ತಮ ದಿನದಿಂದ ಇಂದಿನ ವರೆಗೂ ಬಡವರ ಮೇಲೆಯೂ ಇಳಿಯುತ್ತಾ ಇರುವದು. ನಾವು ವಿಧೇಯರಾಗಿ ಅದನ್ನು ಸಂಪಾದಿಸುವದಿಲ್ಲ. ಆತನ ವಿಧೇಯತ್ವದಿಂದ ಅದು ನಮಗೆ ಉಚಿತವಾಗಿ ಬಂದದೆ. ಆದರೆ ಉಚಿತವಾಗಿ ಬಂದದ್ದನ್ನು ಅವಿಧೇಯತ್ವದಿಂದ ತಡೆಗಟ್ಟುವದು ನಮ್ಮಿಂದಾಗುವದು.

ಕುಣಿಗಲಿನ ದೊಡ್ಡ ಕೆರೆಯನ್ನು ಕಂಡವರಿಗೆ ಇದು ತಿಳಿಯುವದು. ಕೆರೆ ತುಂಬಿದ್ದರೂ ಕಾಲುವೆಯಲ್ಲಿ ಹೂಳು ಕೂತರೆ ಕಡೆಯ ಗದ್ದೆಗೆ ನೀರು ಹೋಗುವದಿಲ್ಲ. ಅಲ್ಲಿ ತಪ್ಪು ಕೆರೆಯದಲ್ಲ. ನಮ್ಮ ಊರುಗಳಲ್ಲಿ ನೀರಗಂಟಿಯೆಂಬವನು ತೂಬನ್ನು ತೆಗೆದು ಸರತಿಯ ಪ್ರಕಾರ ನೀರು ಬಿಡುತ್ತಾ ಬಂದದ್ದುಂಟು. ನೀರು ಅವನದಲ್ಲ, ಮಳೆಯು ಅವನದಲ್ಲ. ದೊಡ್ಡವನ ಗದ್ದೆಗೆ ಹೆಚ್ಚಾಗಿಯೂ ಬಡವನ ಗದ್ದೆಗೆ ಕಡಿಮೆಯಾಗಿಯೂ ಬಿಟ್ಟರೆ ಅವನು ಕಳ್ಳನೇ. ಉಪದೇಶಕರಾದ ನಾವೂ ಸಭೆಯ ಹಿರಿಯರೂ ದೇವರ ನೀರಗಂಟಿಗಳು. ಹಂಚಿನ ಹಣ ಕೊಟ್ಟವನ ಮುಖವನ್ನು ನೋಡಿ ನಾವು ಮಾತನ್ನು ನುಂಗಿಕೊಂಡ ದಿವಸ ನಾವು ಯಾವ ಗದ್ದೆಯನ್ನು ಒಣಗಿಸಿದೆವೆಂಬದನ್ನು ದೇವರು ಬಲ್ಲನು.

ಆ ಹಿರಿಯನ ಸಂಗತಿಯನ್ನು ಮುಗಿಸುತ್ತೇವೆ. ರಾಗಿಯ ಕೊಯ್ಲಿನ ಕಾಲದಲ್ಲಿ ಒಂದು ರಾತ್ರಿ ಆತನ ರೋಗವು ಹೆಚ್ಚಾಯಿತು. ಮಗನು ಊರಲ್ಲಿರಲಿಲ್ಲ. ಆಗ ಆತನು ತಾನಾಗಿಯೇ ಮೊಮ್ಮಗಳನ್ನು ಕರೆದು, ಗೋಡೆಯ ಆಚೆಗೆ ಹೋಗಿ ನಿನ್ನ ಚಿಕ್ಕತಾತನನ್ನು ಕರಕೊಂಡು ಬಾ ಎಂದು ಕಳುಹಿಸಿದನು. ತಮ್ಮನು ಹೊದ್ದ ಕಂಬಳಿಯಲ್ಲಿಯೇ ಬಂದನು. ಬೆಳಗಿನ ಬಸ್ಸಿಗೆ ಅಣ್ಣನನ್ನು ಹತ್ತಿಸಿಕೊಂಡು ತುಮಕೂರಿನ ಆಸ್ಪತ್ರೆಗೆ ಹೋಗಿ, ಹನ್ನೊಂದು ದಿವಸ ಹಾಸಿಗೆಯ ಬಳಿಯಲ್ಲಿ ಕಾದಿದ್ದನು. ನಾವು ನೋಡಲು ಹೋದಾಗ ಹಿರಿಯನು ನಮ್ಮ ಕೈ ಹಿಡಿದು, “ಅಯ್ಯನವರೇ, ನಿಮ್ಮ ಮೇಲೆ ಕೋಪಮಾಡಿಕೊಂಡೆನು. ಈಗ ಎಣ್ಣೆ ಹಚ್ಚಿರಿ” ಎಂದನು. ಎಣ್ಣೆಯ ಬಟ್ಟಲನ್ನು ಹಿಡಿದವನು ತಮ್ಮನೇ.

ರೋಗವು ಪೂರ್ತಿಯಾಗಿ ಹೋಯಿತೆಂದು ನಾವು ಬರೆಯುವದಿಲ್ಲ. ಆತನು ಈಗಲೂ ವೈದ್ಯರು ಕೊಟ್ಟ ಮಾತ್ರೆಗಳನ್ನು ತಕ್ಕೊಳ್ಳುತ್ತಾನೆ. ಮೂರು ಮರಗಳ ಲೆಕ್ಕವೂ ಇನ್ನೂ ತೀರಿಲ್ಲ. ಆದರೆ ಅಣ್ಣತಮ್ಮಂದಿರು ಒಂದೇ ಜಗಲಿಯ ಮೇಲೆ ಕೂತು ಆ ಲೆಕ್ಕವನ್ನು ಮಾಡುತ್ತಾರೆ. ಇದಕ್ಕಿಂತ ದೊಡ್ಡ ಅದ್ಭುತವನ್ನು ನಾವು ಆ ಊರಿನಲ್ಲಿ ಕಂಡಿಲ್ಲ.

ಆದದರಿಂದ ಪ್ರಿಯರೇ, ಈ ತಿಂಗಳಲ್ಲಿ ಮೂರು ಕಾರ್ಯಗಳನ್ನು ಮಾಡೋಣ. ಮನೆಯ ಗೂಡಿನಲ್ಲಿ ಎಣ್ಣೆಯ ಸೀಸೆ ಇದ್ದರೆ ಅದನ್ನು ನೋಡುವಾಗಲೆಲ್ಲಾ, ದೇವರು ಹೇಳಿಯೂ ನಾನು ಮಾಡದೆ ಇರುವದು ಯಾವದು ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಮನೆಯಲ್ಲಿ ರೋಗಿಯಿದ್ದರೆ ಸಭೆಯ ಹಿರಿಯರನ್ನೂ ಕರೆಯೋಣ, ವೈದ್ಯರ ಬಳಿಗೂ ಕರಕೊಂಡು ಹೋಗೋಣ. ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿ, ಚತ್ರಕ್ಕೆ ಸೇರಿಸಿ, ಖರ್ಚಿಗೂ ಹಣ ಕೊಟ್ಟ ಸಮಾರ್ಯದವನ ಮಾದರಿಯು ನಮ್ಮ ಮುಂದೆ ಇರುವದು. ಗೋಡೆಯ ಆಚೆ ಮಾತು ಬಿಟ್ಟವನೊಬ್ಬನು ಇದ್ದರೆ, ಮುಂದಿನ ಕರ್ತನ ಭೋಜನದ ಭಾನುವಾರಕ್ಕೆ ಮುಂಚೆ ಅವನ ಬಾಗಲಿಗೆ ಹೋಗೋಣ. ಅವನು ಬಾಗಲನ್ನು ತೆರೆಯದೆ ಹೋದರೂ ಹೋದದ್ದು ವ್ಯರ್ಥವಲ್ಲ.

ಪ್ರಾರ್ಥನೆ: ನಮ್ಮ ಪರಲೋಕದ ತಂದೆಯೇ, ನಿನ್ನ ಅಭಿಷಿಕ್ತನ ಹೆಸರನ್ನು ಅಯೋಗ್ಯರಾದ ನಮಗೆ ಕೊಟ್ಟಿದ್ದೀ. ಎಣ್ಣೆಯನ್ನು ಬೇಡಿ ಮಾತನ್ನು ಬಿಡುವ ನಮ್ಮ ಸೌಲನ ಮನಸ್ಸನ್ನು ಕ್ಷಮಿಸು. ಕಾಯಬೇಕಾದಲ್ಲಿ ಕಾಯುವದಕ್ಕೂ ಆಡಬೇಕಾದಲ್ಲಿ ಆಡುವದಕ್ಕೂ ನಿನ್ನ ಆತ್ಮನಿಂದ ನಮಗೆ ಬಲವನ್ನು ಕೊಡು. ನಮ್ಮ ಕಾಲುವೆಗಳ ಹೂಳನ್ನು ತೆಗೆದು, ಕಡೆಯ ಗದ್ದೆಯವರೆಗೂ ನಿನ್ನ ಕೃಪೆಯು ಹರಿಯುವಂತೆ ಮಾಡು. ನಮಗೋಸ್ಕರ ಗೆತ್ಸೇಮನೆಯಲ್ಲಿ ತನ್ನನ್ನು ಒಪ್ಪಿಸಿಕೊಟ್ಟ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.